ಆಕಿ ಕುಂಟಾಕತ್ತಾಳ ನೋಡು

ನನಗೆ ಎಲ್ಲಕ್ಕಿಂತ ಇಷ್ಟವಾದ ವಿಡಿಯೊ ಗೇಮಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಆಡಿದವರು ಜಗಳಕ್ಕೆ ಬರುತ್ತಾರೆ, ಆಡದವರು ನಲವತ್ತೆರಡರ ಹೆಂಗಸಿಗೆ ಇದೆಲ್ಲ ಯಾಕೆ ಬೇಕಿತ್ತು ಎನ್ನುತ್ತಾರೆ. ಎರಡೂ ಬಗೆಯವರಿಗೆ ಉತ್ತರ ಕೊಟ್ಟು ಸಾಕಾಗಿದೆ. ಅದೊಂದು ಹೆದರಿಸುವ ಆಟ. ಅದರಲ್ಲಿ ಶತ್ರುವನ್ನು ಕೊಲ್ಲುವುದು ದೊಡ್ಡದಲ್ಲ, ಜೀವ ಉಳಿಸಿಕೊಂಡು ಹೊರಗೆ ಬರುವುದು ದೊಡ್ಡದು. ಆ ಆಟ ನನಗೆ ಬರಿಸಿದಷ್ಟು ಸಿಟ್ಟನ್ನು ರಾಯಾಪುರದ ನನ್ನ ಕಾರ್ಖಾನೆಯ ಮೂವರು ಮೇಲಧಿಕಾರಿಗಳು ಕೂಡಿಯೂ ಬರಿಸಿಲ್ಲ.

ಆಟ ನಡೆಯುವುದು ಒಂದು ದ್ವೀಪದಲ್ಲಿ. ಅಲ್ಲಿ ಎಂದೋ ಮುಚ್ಚಿಹೋದ ಒಂದು ನೀರು ಶುದ್ಧೀಕರಣ ಘಟಕ. ಪಂಪು ರಿಪೇರಿ ಮಾಡುವ ಹೆಂಗಸೊಬ್ಬಳು ಕೆಲಸಕ್ಕೆಂದು ಒಳಗೆ ಹೋಗುತ್ತಾಳೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗೆ ಏನೋ ಓಡಾಡುತ್ತಿದೆ. ಅದಕ್ಕೆ ಕಣ್ಣಿಲ್ಲ, ಕಿವಿ ಮಾತ್ರ ಬಲು ಚುರುಕು. ಅವಳ ಹೆಗಲಿಗೆ ಎಂಟು ಖಾನೆಗಳ ಒಂದು ಚೀಲ. ದಾರಿಯಲ್ಲಿ ಅಲ್ಲೊಂದು ಇಲ್ಲೊಂದು ಹಸಿರು ಔಷಧಿಯ ಶೀಸೆ ಸಿಗುತ್ತದೆ, ಕುಡಿದರೆ ಗಾಯ ಮಾಯುತ್ತದೆ. ಕೆಲವು ಕೋಣೆಗಳಲ್ಲಿ ಹಳೆಯ ಗೋಡೆ ಗಡಿಯಾರಗಳಿವೆ. ಅವಕ್ಕೆ ಕೀಲಿ ಕೊಟ್ಟರೆ ಅಲ್ಲಿಯವರೆಗಿನ ಆಟ ಉಳಿಯುತ್ತದೆ, ಸತ್ತರೆ ಮತ್ತೆ ಅಲ್ಲಿಂದ ಶುರು ಮಾಡಬಹುದು. ಆದರೆ ಒಂದು ಕೀಲಿ ಒಂದೇ ಸಲಕ್ಕೆ. ತಿರುಗಿಸಿದೊಡನೆ ಪಟ್ಟೆಂದು ಮುರಿಯುತ್ತದೆ.

ಇದನ್ನು ಮಾಡಿದವನಿಗೆ ಕನ್ನಡ ಬರಲಾರದು, ಆದರೂ ನಮ್ಮ ‘ಉಳಿಸು’ ಎಂಬ ಮಾತಿನ ಹೊಟ್ಟೆಯೊಳಗೆ ಕೈ ಹಾಕಿದ್ದಾನೆ. ಜೀವವನ್ನೂ ಉಳಿಸುತ್ತೇವೆ, ತಾಟಿನಲ್ಲಿ ಪಲ್ಯವನ್ನೂ ಉಳಿಸುತ್ತೇವೆ, ಹೊಸ ಚಾದರನ್ನು ನಾಳೆ ಬರುವ ಬೀಗರಿಗೆಂದೂ ಉಳಿಸುತ್ತೇವೆ. ನಾನು ಬೆಳೆದ ಮನೆಯಲ್ಲಿ ಮೂರನೆಯದೇ ಹೆಚ್ಚು. ಹಾಗಾಗಿ ಈ ಆಟದಲ್ಲಿ ನಾನು ಮಾಡಿದ್ದೂ ಅದನ್ನೇ. ಆಟ ಉಳಿಸಬೇಕಾದ ಗಡಿಯಾರದ ಮುಂದೆ ನಿಂತು ಕೀಲಿಯನ್ನು ಉಳಿಸಿದೆ. ಹತ್ತು ಹೆಜ್ಜೆ ಹೋಗಿ ಸತ್ತೆ. ಅರ್ಧ ತಾಸಿನ ಆಟ ನೀರಿಗೆ ಹೋಯಿತು. ಇದನ್ನು ಒಂದು ಸಲ ಮಾಡಿದ್ದರೆ ಪೆದ್ದಿ ಎನ್ನಬಹುದಿತ್ತು, ನಾನು ಹನ್ನೆರಡು ಸಲವಾದರೂ ಮಾಡಿದ್ದೇನೆ.

ಇನ್ನೊಂದು ವಿಷಯ ಹೇಳಲೇಬೇಕು, ಆ ಆಟ ಇಂದಿಗೂ ನನ್ನ ತಲೆಯಿಂದ ಹೋಗದಿರುವುದು ಅದರಿಂದಲೇ. ಬೇರೆ ಆಟಗಳಲ್ಲಿ ಪರದೆಯ ಮೂಲೆಯಲ್ಲಿ ಒಂದು ಪಟ್ಟಿ ಇರುತ್ತದೆ. ಎಷ್ಟು ಜೀವ ಉಳಿದಿದೆ ಎಂದು ಅದು ತೋರಿಸುತ್ತಲೇ ಇರುತ್ತದೆ. ಇದರಲ್ಲಿ ಪಟ್ಟಿಯಿಲ್ಲ, ಅಂಕಿಯಿಲ್ಲ. ಆ ಹೆಂಗಸಿಗೆ ಎಷ್ಟು ಪೆಟ್ಟಾಗಿದೆ ಎಂದು ತಿಳಿಯಬೇಕಾದರೆ ಅವಳು ನಡೆಯುವುದನ್ನು ನೋಡಬೇಕು. ಮೊದಲು ಉಸಿರು ಸ್ವಲ್ಪ ಜೋರಾಗುತ್ತದೆ. ಆಮೇಲೆ ಒಂದು ಕೈ ಪಕ್ಕೆಗೆ ಹೋಗುತ್ತದೆ. ಆಮೇಲೆ ಕಾಲು ಎಳೆಯುತ್ತಾಳೆ. ಅಳತೆ ತೆಗೆಯುವುದೇ ನನ್ನ ಹೊಟ್ಟೆಪಾಡು. ಕಾರ್ಖಾನೆಯಲ್ಲಿ ದಿನವಿಡೀ ಕಬ್ಬಿಣದ ಬಿಡಿಭಾಗಗಳನ್ನು ಅಳೆದು ಸರಿ-ತಪ್ಪು ಬರೆಯುತ್ತೇನೆ. ಅಂಕಿ ಇಲ್ಲದ ಈ ಆಟದ ಮುಂದೆ ನಾನು ಕುರುಡಿಯಾಗಿಬಿಟ್ಟೆ.

ಅದನ್ನು ಆಡಿದ ಪರಿಸ್ಥಿತಿಯಾದರೂ ಎಂಥದು! ಇಂಥ ಆಟವನ್ನು ಕತ್ತಲಲ್ಲಿ, ಒಬ್ಬರೇ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆಡಬೇಕಂತೆ. ನನಗೆ ಸಿಗುತ್ತಿದ್ದುದು ಹುಬ್ಬಳ್ಳಿಯ ಭಾನುವಾರ ಬೆಳಗಿನ ಹತ್ತರಿಂದ ಹನ್ನೆರಡು. ಕಿಟಕಿಯ ಬಿಸಿಲು ನೇರ ಟಿ.ವಿ. ಮೇಲೆ. ದೈತ್ಯ ಎದುರಿಗೆ ಬಂದು ನಿಂತರೂ ನನಗೆ ಕಾಣುತ್ತಿದ್ದುದು ನನ್ನದೇ ನೈಟಿ. ಅದು ಉಸಿರು ಬಿಡುವ ಸಪ್ಪಳ ಕೇಳಬೇಕಾದ ಹೊತ್ತಿಗೆ ಕುಕ್ಕರ್ ಕೂಗುತ್ತಿತ್ತು, ಇಲ್ಲವೇ ಕೆಳಗೆ ಮೆಂತ್ಯೆ ಸೊಪ್ಪಿನವಳು ಕೂಗುತ್ತಿದ್ದಳು. ಪಕ್ಕದ ಮನೆಯ ಕಾಕೂ ಬಂದು, ಪರದೆ ನೋಡಿ, “ಯಾವ ಸೀರಿಯಲ್‌ರೀ ಇದು?” ಎಂದು ಕೇಳಿ ಕೂತೇಬಿಡುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚಾಗಿ ಅವ್ವ ಇದ್ದಳು. ಅವ್ವನಿಗೆ ಅರವತ್ತೆಂಟು. ಅವಳ ತವರು ಉಪ್ಪಿನಬೆಟಗೇರಿ. ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು, ಓಣಿಗೆಲ್ಲ ಈಗಲೂ ಅಕ್ಕೋರು. ಆ ಚಳಿಗಾಲ ಅವಳ ಎಡ ಮೊಣಕಾಲಿನ ಕೀಲು ಬದಲಿಸಿದ್ದರು. ಬಚ್ಚಲು ಹತ್ತಿರವಾಗಲಿ ಎಂದು ಅವಳ ಮಂಚವನ್ನು ಹಾಲಿಗೆ ತಂದು, ಟಿ.ವಿ.ಗೆ ಎದುರಾಗಿ ಹಾಕಿದ್ದೆ. ಹೀಗೆ ನನ್ನ ಆಟ ಅವಳ ಪಾಲಿನ ಶಿಕ್ಷೆಯಾಯಿತು, ಅವಳ ಮಾತು ನನ್ನ ಪಾಲಿನದು.

ಆಪರೇಷನ್ ಆದಮೇಲೆ ಡಾಕ್ಟರು ಒಂದು ಲೆಕ್ಕ ಹೇಳಿದ್ದರು. ಆರು ವಾರದೊಳಗೆ ಮೊಣಕಾಲು ತೊಂಬತ್ತು ಡಿಗ್ರಿ ಮಡಚಬೇಕು. ಮಡಚದಿದ್ದರೆ ಒಳಗೆ ಬಿಗಿದುಕೊಳ್ಳುತ್ತದೆ, ಆಗ ಮತ್ತೆ ಥಿಯೇಟರಿಗೆ ಒಯ್ದು, ಮಂಪರು ಕೊಟ್ಟು, ಬಲವಂತವಾಗಿ ಮಡಚಬೇಕಾಗುತ್ತದೆ. ಅವ್ವ ಈ ಜಗತ್ತಿನಲ್ಲಿ ಹೆದರುವುದು ಆ ಥಿಯೇಟರಿಗೊಂದೇ. ಮೊದಲ ಸಲ ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗಷ್ಟೇ ಮರಗಟ್ಟಿಸಿದ್ದರು, ಕಿವಿ ಎಚ್ಚರವಾಗಿಯೇ ಇತ್ತು. “ಬಡಿಗ್ಯಾರ ಅಂಗಡ್ಯಾಗ ಮಲಗಿದಂಗ ಆಗಿತ್ತವಾ, ಬಡಿಯೋದೆಲ್ಲಾ ಕೇಳಸ್ತಿತ್ತು,” ಎಂದಿದ್ದಳು. ಮತ್ತೊಮ್ಮೆ ಅಲ್ಲಿಗೆ ಬರುವುದಿಲ್ಲ ಎಂದು ಶಪಥ ಮಾಡಿದಂತೆ ಹೇಳಿದ್ದಳು.

ಹಾಗಾದರೆ ಮಾಡಬೇಕಾದ್ದು ಸುಲಭವಿತ್ತು. ದಿನಕ್ಕೆ ಮೂರು ಸಲ ನೋವಿನ ಗುಳಿಗೆ ನುಂಗುವುದು, ಅರ್ಧ ತಾಸು ಬಿಟ್ಟು ಕಾಲು ಮಡಚುವ ವ್ಯಾಯಾಮ ಮಾಡುವುದು. ವ್ಯಾಯಾಮ ಮಾಡಿಸಲು ವಾರಕ್ಕೆ ಮೂರು ದಿನ ಒಬ್ಬರು ಬರುತ್ತಿದ್ದರು, ನನ್ನಷ್ಟೇ ವಯಸ್ಸಿನ, ನಗುವ ಅಭ್ಯಾಸವಿಲ್ಲದ ಹೆಂಗಸು. ನಾನು ಕಾರ್ಖಾನೆಯಿಂದ ಕೋನ ಅಳೆಯುವ ಸಾಧನ ತಂದು ಪ್ರತಿ ಭಾನುವಾರ ಅವ್ವನ ಮೊಣಕಾಲನ್ನು ಅಳೆಯುತ್ತಿದ್ದೆ. ಮೊದಲ ವಾರ ಐವತ್ತೆಂಟು. ಆಮೇಲೆ ಅರವತ್ತೆರಡು. ಆಮೇಲೆ ಅರವತ್ತನಾಲ್ಕು. ಮತ್ತೂ ಅರವತ್ತನಾಲ್ಕೇ.

ನನಗೆ ತಲೆ ಕೆಟ್ಟುಹೋಯಿತು. ವ್ಯಾಯಾಮದವರ ಮೇಲೆ ಹರಿಹಾಯ್ದೆ. ಅವರು, “ನೋವಿಗೆ ಕಾಲು ಬಿಗಿ ಹಿಡಿತಾರ್ರೀ, ಗುಳಿಗಿ ತಗೋತಾರಿಲ್ಲೋ?” ಎಂದರು. ಅವ್ವ ಮಂಚದಿಂದಲೇ, “ಗುಳಿಗಿ ಎಲ್ಲಾ ಬರೋಬ್ಬರಿ ನಡದದ್ರೀ,” ಎಂದಳು. ಅಕ್ಕೋರು ಹೇಳಿದಮೇಲೆ ಮುಗಿಯಿತು. ಹಾಜರಿ ಕರೆದಷ್ಟು ಖಚಿತವಾದ ದನಿ ಅದು.

ನೋವಿದೆಯೇ ಎಂದು ನಾನು ಕೇಳಲಿಲ್ಲವೆಂದಲ್ಲ. ದಿನಾ ಕೇಳಿದೆ. ಕೇಳಿದ ರೀತಿ ಮಾತ್ರ ನಮ್ಮ ಕಡೆಯದು. ಹೆಗಲಿಗೆ ಬ್ಯಾಗು ಏರಿಸಿ, ಚಪ್ಪಲಿ ಮೆಟ್ಟುತ್ತ, “ಆರಾಮ?” ಎನ್ನುತ್ತಿದ್ದೆ. “ಆರಾಮ,” ಎನ್ನುತ್ತಿದ್ದಳು. ಹುಬ್ಬಳ್ಳಿ-ಧಾರವಾಡದಲ್ಲಿ ಇದಕ್ಕೆ ಬೇರೆ ಉತ್ತರವೇ ಇಲ್ಲ. ಜ್ವರದಲ್ಲಿ ನಡುಗುತ್ತಿದ್ದವನೂ ಆರಾಮ, ನೌಕರಿ ಹೋದವನೂ ಆರಾಮ. ಆಸ್ಪತ್ರೆಯಲ್ಲೂ ಅಷ್ಟೇ. ಎರಡನೆಯ ವಾರ ತೋರಿಸಲು ಹೋದಾಗ ಡಾಕ್ಟರು, “ಆರಾಮ ಏನ್ರೀ ಅಕ್ಕೋರ?” ಎಂದರು. ಅವ್ವ ಸೆರಗು ಸರಿಮಾಡಿಕೊಂಡು, “ಆರಾಮ್ರೀ, ನೀವು ಆರಾಮ?” ಎಂದಳು. ಅವರು ಕಾಗದದ ಮೇಲೆ ನೋವಿಲ್ಲವೆಂದು ಬರೆದುಕೊಂಡರು. ಅವರೂ ನಮ್ಮ ಕಡೆಯವರೇ, ಮರ್ಯಾದೆಯ ಮಾತು ಯಾವುದು, ವೈದ್ಯದ ಮಾತು ಯಾವುದು ಎಂದು ಅವರಿಗಾದರೂ ಗೊತ್ತಿರಬೇಕಿತ್ತು. ಪಕ್ಕದಲ್ಲೇ ನಿಂತಿದ್ದ ನನಗೂ ಗೊತ್ತಿರಬೇಕಿತ್ತು.

ಆಟದ ಕಡೆಗೆ ಬರುತ್ತೇನೆ. ಮೊದಮೊದಲು ಅವ್ವ ಟಿ.ವಿ.ಗೆ ಬೆನ್ನು ಮಾಡಿ ಮಲಗುತ್ತಿದ್ದಳು. “ದರಿದ್ರ ಆಟ, ಮುಂಜಾನೆದ್ದು ಹೆಣ ನೋಡಬೇಕು,” ಎಂದು ಗೊಣಗುತ್ತಿದ್ದಳು. ಎಡ ಮಗ್ಗುಲಾಗುವುದು ಕಷ್ಟವಾದ್ದರಿಂದ ಬೆನ್ನು ಮಾಡುವುದು ಬಹಳ ದಿನ ನಡೆಯಲಿಲ್ಲ. ಎರಡನೆಯ ಭಾನುವಾರ ತಿರುಗಿ ನೋಡಿದಳು. ಮೂರನೆಯ ಭಾನುವಾರ ಬಾಯಿ ಬಿಟ್ಟಳು.

“ಆಕಿ ಕುಂಟಾಕತ್ತಾಳ ನೋಡು.”

“ಇಲ್ಲವ್ವಾ, ಆಕಿ ನಡಿಯೋದೇ ಹಂಗ.”

“ನನಗ ಹೇಳ್ತೀಯೇನು? ಎಡಗಾಲು ಊರವಲ್ಲಳು. ಆ ಔಷಧಿ ಕುಡಸು.”

“ಇರ್ಲಿ, ಮುಂದ ಬೇಕಾಗ್ತದ.”

“ಮುಂದ ಅಂದ್ರ ಯಾವಾಗ? ಸತ್ತ ಮ್ಯಾಲೆ?”

ಅವಳು ಹೇಳಿ ಮುಗಿಸುವಷ್ಟರಲ್ಲಿ ಸತ್ತೆ. ಚೀಲದಲ್ಲಿ ಆರು ಶೀಸೆಗಳಿದ್ದವು. ಅವ್ವ ಚಾದರು ಎಳೆದುಕೊಂಡಳು, ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು. ಆದರೆ ಅವಳು ಹೇಳಿದ್ದು ಸರಿಯಿತ್ತು. ಆಮೇಲೂ ಪ್ರತಿ ಸಲ ಸರಿಯೇ ಇತ್ತು. ನನಗೆ ಕಾಣುವುದಕ್ಕಿಂತ ಅರ್ಧ ನಿಮಿಷ ಮೊದಲೇ ಆ ಹೆಂಗಸಿನ ನೋವು ಅವ್ವನಿಗೆ ಕಾಣುತ್ತಿತ್ತು. “ಉಸಿರು ಬಿಗಿ ಹಿಡದಾಳ,” ಎನ್ನುತ್ತಿದ್ದಳು. “ಮೆಟ್ಟಲ ಬ್ಯಾಡ ಆಕಿಗೆ, ಬ್ಯಾರೆ ದಾರಿ ನೋಡು,” ಎನ್ನುತ್ತಿದ್ದಳು. ಇವಳಿಗೆ ಇಷ್ಟೆಲ್ಲ ಹೇಗೆ ಗೊತ್ತಾಗುತ್ತದೆ ಎಂದು ನಾನು ಒಂದು ಸಲವಾದರೂ ಯೋಚಿಸಲಿಲ್ಲ. ಆಟಕ್ಕೆ ಅಡ್ಡಿ ಮಾಡುತ್ತಾಳೆ ಎಂದಷ್ಟೇ ಯೋಚಿಸಿದೆ.

ಐದನೆಯ ಭಾನುವಾರ ಆಟದ ಕೊನೆಯ ಭಾಗಕ್ಕೆ ಬಂದೆ. ಅಷ್ಟರಲ್ಲಿ ಗಡಿಯಾರದ ಕೋಣೆಗಳಲ್ಲಿ ಸಾಮಾನು ಇಡಲೆಂದಿದ್ದ ಪೆಟ್ಟಿಗೆಯಲ್ಲೂ ಚೀಲದಲ್ಲೂ ಸೇರಿ ಹನ್ನೊಂದು ಶೀಸೆ, ಒಂಬತ್ತು ಕೀಲಿ ಕೂಡಿಟ್ಟಿದ್ದೆ. ಎಷ್ಟು ಸಲ ಸತ್ತು, ಎಷ್ಟು ದಾರಿ ಕುಂಟುತ್ತ ನಡೆದು ಉಳಿಸಿದ ಸೊತ್ತು ಅದು. ಈಗ ಬರಲಿ ಯಾವನು ಬರುತ್ತಾನೋ ಎಂಬ ಧಿಮಾಕಿನಲ್ಲಿ ಮುಂದೆ ಹೋದೆ. ಎದುರಿಗೆ ಒಂದು ಸಣ್ಣ ಕೊಳವೆ. ಹೊರಗೆ ಹೋಗಲು ಅದೊಂದೇ ದಾರಿ, ಚೀಲ ಹೆಗಲಿಗಿದ್ದರೆ ಅದರಲ್ಲಿ ತೂರಲಾಗುವುದಿಲ್ಲ. ಆ ಹೆಂಗಸು ಚೀಲ ತೆಗೆದಳು, ನೆಲದ ಮೇಲೆ ಇಟ್ಟಳು, ತೆವಳುತ್ತ ಒಳಗೆ ಹೋದಳು. ಹಿಂದೆ ಕೊಳವೆ ಕುಸಿದು ಮುಚ್ಚಿಕೊಂಡಿತು. ಶೀಸೆಯೂ ಹೋಯಿತು, ಕೀಲಿಯೂ ಹೋಯಿತು.

ನಾನು ಆಟದ ರಿಮೋಟನ್ನು ದಿಂಬಿಗೆ ಬಡಿದು ಎದ್ದು ನಿಂತೆ. ಆಟ ಮಾಡಿದವನ ಅಜ್ಜ ಮುತ್ತಜ್ಜರನ್ನೆಲ್ಲ ಬೈದೆ. ಅವ್ವ ನಗತೊಡಗಿದಳು. “ಅಯ್ಯ ನನ್ನ ಮಗಳ! ಎಲ್ಲಾ ಅಲ್ಲೇ ಬಿಟ್ಟು ಬಂದ್ಯಾ?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಮೈ ಅಲುಗಿ, ದಿಂಬಿನ ಮೇಲಿದ್ದ ಕಾಲು ಜಾರಿ, ಒಮ್ಮೆಲೇ ಚೀರಿದಳು. ಅಂಥ ದನಿಯನ್ನು ನಾನು ಅವಳ ಬಾಯಿಂದ ಕೇಳಿರಲಿಲ್ಲ. ಗುಳಿಗೆ ತರಲು ಓಡಿದೆ. ಅವಳು ಗುಳಿಗೆ ಇಡುತ್ತಿದ್ದುದು ಹಳೆಯ ಬಿಸ್ಕೀಟಿನ ಡಬ್ಬಿಯಲ್ಲಿ. “ಅದನ್ನ ಮುಟ್ಟಬ್ಯಾಡ, ನಾ ತಗೋತೇನಿ,” ಎಂದು ಹಿಂದಿನಿಂದ ಕೂಗಿದಳು. ಮುಚ್ಚಳ ತೆಗೆದೆ.

ಒಳಗೆ ಗುಳಿಗೆಯ ಹಾಳೆಗಳು ಒಂದರ ಮೇಲೊಂದು ನೀಟಾಗಿ ಕೂತಿದ್ದವು, ರಬ್ಬರ್ ಹಾಕಿ ಕಟ್ಟಿದ್ದಳು. ಐದು ವಾರಕ್ಕೆಂದು ನಾನು ತಂದದ್ದೆಲ್ಲ ಇದ್ದವು. ಒಂದು ಹಾಳೆಯಲ್ಲಿ ಮಾತ್ರ ನಾಲ್ಕು ಗುಳಿಗೆ ಖಾಲಿ.

ನಾನು ಕಿರುಚಾಡಿದೆ, ಅದನ್ನು ಮುಚ್ಚಿಡುವುದಿಲ್ಲ. ಥಿಯೇಟರಿಗೆ ಹೋಗುವ ಆಸೆಯಿದೆಯೇ ಎಂದೆ. ಐದು ವಾರ ನನ್ನನ್ನೂ, ಆ ವ್ಯಾಯಾಮದವರನ್ನೂ ಮಂಗ ಮಾಡಿದೆ ಎಂದೆ. ಯಾವ ಘನಂದಾರಿ ಕೆಲಸಕ್ಕೆ ಇವನ್ನು ಉಳಿಸಿದ್ದೀ ಎಂದೆ. ಅವ್ವ ಕಾಲು ಹಿಡಿದುಕೊಂಡು, ಗೋಡೆ ನೋಡುತ್ತ ಕೂತಿದ್ದಳು. ಡಬ್ಬಿ ಈಸಿಕೊಂಡು ಮುಚ್ಚಳ ಹಾಕುತ್ತ ಹೇಳಿದಳು.

“ನಿಮ್ಮಪ್ಪಗ ಕಡೀ ಎರಡು ದಿವಸ ನೋವಿನ ಗುಳಿಗಿ ಇರಲಿಲ್ಲ. ಮದಲೇ ಎಲ್ಲಾ ಕೊಟ್ಟು ಮುಗಿಸಿದ್ನಿ. ಹಬ್ಬ, ಅಂಗಡಿ ಬಂದ್. ಇನ್ನೊಂದು ತಾಸು ತಡೀರಿ, ಇನ್ನೊಂದು ತಾಸು ತಡೀರಿ ಅಂದಕೋತ ಕುಂತಿದ್ನಿ.”

ಅಪ್ಪ ತೀರಿಕೊಂಡಾಗ ನಾನು ಪರೀಕ್ಷೆಗೆಂದು ಬೆಳಗಾವಿಯಲ್ಲಿದ್ದೆ. ಆರಾಮವಾಗಿ ಹೋದರು ಎಂದು ನನಗೆ ಹೇಳಿದ್ದಳು. ಇಪ್ಪತ್ತು ವರ್ಷ ನಾನು ಅದನ್ನೇ ನಂಬಿಕೊಂಡು ಬಂದಿದ್ದೆ. ನನ್ನ ಸಿಟ್ಟು ಇಳಿಯಲಿಲ್ಲ, ಆದರೆ ಯಾರ ಮೇಲೆ ಇಡಬೇಕೋ ತಿಳಿಯದಾಯಿತು. ಐದು ವಾರ ಅವಳ ಮೊಣಕಾಲಿನ ಕೋನವನ್ನು ಅಳೆದಿದ್ದೆ. ಅಳೆಯುವಾಗ ಒಮ್ಮೆಯೂ ಅವಳ ಮುಖ ನೋಡಿರಲಿಲ್ಲ. ಟಿ.ವಿ.ಯೊಳಗಿನ ಹೆಂಗಸಿನ ಉಸಿರು ಕೇಳಿಸಲೆಂದು ಅವ್ವನಿಗೆ ಸುಮ್ಮನಿರು ಎಂದಿದ್ದೆ.

ಸಂಜೆ ಹೋಗಿ ಅದೇ ಗುಳಿಗೆಯ ಮತ್ತಷ್ಟು ಹಾಳೆಗಳನ್ನು ತಂದು ಅವಳ ತೊಡೆಯ ಮೇಲೆ ಸುರಿದೆ. “ಇವು ಮುಗೀದಿಲ್ಲವ್ವಾ. ಮುಗದ್ರ ಮತ್ತ ತರ್ತೇನಿ. ಅಂಗಡ್ಯಾವ ಬಾಗಲಾ ಹಾಕಿದ್ರ ಮನೀಗೆ ಹೋಗಿ ಎಬ್ಬಿಸ್ತೇನಿ,” ಎಂದೆ. ಅವಳು ಎಲ್ಲವನ್ನೂ ಎಣಿಸಿದಳು, ಎರಡು ಸಲ ಎಣಿಸಿದಳು. ಆಮೇಲೆ ಒಂದು ನುಂಗಿದಳು. ಅರ್ಧ ತಾಸು ಬಿಟ್ಟು ಕಾಲು ಮಡಚಿದಾಗ ಹಲ್ಲು ಕಚ್ಚಲಿಲ್ಲ, ಬಾಯಿ ಬಿಟ್ಟು ಅತ್ತಳು. ಅಳತೆ ಅರವತ್ತೆಂಟು ಬಂತು.

ಆಟವನ್ನು ಅಲ್ಲಿಗೇ ಬಿಡಬೇಕೆಂದಿದ್ದೆ. ಬಿಡಗೊಡಲಿಲ್ಲ ಅವ್ವ. ಬುಧವಾರ ನಾನು ಕೆಲಸದಿಂದ ಬಂದು ಚಹಾ ಕುಡಿಯುತ್ತಿದ್ದಾಗ, “ಆಕೀನ ಅಲ್ಲೇ ಕೊಳವ್ಯಾಗ ಬಿಟ್ಟು ಕೂಡ್ತೀಯೇನು?” ಎಂದಳು. ಸರಿ, ಹಚ್ಚಿದೆ. ಕೊಳವೆ ದಾಟಿದ ಜಾಗಕ್ಕೆ ಆಟ ಕೀಲಿಯಿಲ್ಲದೆ ತಾನಾಗಿಯೇ ಉಳಿದಿತ್ತು. ಇನ್ನು ಇಪ್ಪತ್ತು ನಿಮಿಷದ ಆಟವಷ್ಟೇ ಉಳಿದಿತ್ತು. ಕೈಯಲ್ಲಿ ಏನೂ ಇಲ್ಲದ ಆ ಇಪ್ಪತ್ತು ನಿಮಿಷ ಆಡಿದಷ್ಟು ಚೆನ್ನಾಗಿ ನಾನು ಯಾವ ಆಟವನ್ನೂ ಆಡಿಲ್ಲ. ಉಳಿಸಲು ಏನೂ ಇರಲಿಲ್ಲ, ಹಾಗಾಗಿ ಆ ಹೆಂಗಸಿನ ಕಾಲನ್ನೇ ನೋಡುತ್ತ ನಡೆಸಿದೆ. ಅವಳು ದಣಿದಾಗ ನಿಲ್ಲಿಸಿದೆ, ಉಸಿರು ತಿರುಗಿದಾಗ ಮುಂದೆ ಹೋದೆ. ಅವ್ವ “ತಡಿ”, “ಹೂಂ, ಈಗ ನಡಿ” ಎನ್ನುತ್ತಿದ್ದಳು. ಹೊರಗೆ ಬಂದೆವು. ನಾನು ಸಂತೋಷಪಡಬೇಕಿತ್ತು, ನನಗೆ ಮಾತ್ರ ಇದನ್ನು ಮೊದಲಿನಿಂದಲೇ ಹೀಗೆ ಆಡಬಹುದಿತ್ತಲ್ಲ ಎಂದು ಹೊಟ್ಟೆ ಉರಿಯಿತು.

ಆರನೆಯ ವಾರದ ಕೊನೆಗೆ ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಮನೆಯಲ್ಲಿ ಅಳೆದೆ. ಎಪ್ಪತ್ತೊಂಬತ್ತು. ಒಂದು ವಾರದಲ್ಲಿ ಅಷ್ಟು ಏರಿದ್ದು ಸಣ್ಣ ಮಾತಲ್ಲ. ಆದರೆ ತೊಂಬತ್ತಕ್ಕೆ ಹನ್ನೊಂದು ಕಡಿಮೆ. ಡಾಕ್ಟರಿಗೆ ನಿಜ ಗೊತ್ತಾದರೆ, ಗುಳಿಗೆ ಶುರುವಾದದ್ದೇ ಹೋದ ವಾರ ಎಂದು ತಿಳಿದರೆ, ಇನ್ನಷ್ಟು ದಿನ ಕೊಟ್ಟಾರು. ಗೊತ್ತಾಗದಿದ್ದರೆ ಥಿಯೇಟರು. ಆಟೊದಲ್ಲಿ ನಾನು ಇದನ್ನೇ ಹೇಳುತ್ತ ಹೋದೆ. “ನೀನ ಹೇಳಬೇಕವ್ವಾ, ನಾ ಹೇಳಿದ್ರ ಮಗಳು ಏನೋ ಒದರ್ತಾಳ ಅಂತಾರ.” ಅವಳು ಆಟೊದ ಸರಳು ಹಿಡಿದು ರಸ್ತೆ ನೋಡುತ್ತಿದ್ದಳು. ಆಸ್ಪತ್ರೆಯ ಹೊರಗೆ ಜನ, ಒಳಗೆ ಜನ, ಎರಡು ತಾಸು ಕಾಯಿಸಿದರು.

ಕರೆದರು. ಒಳಗೆ ಹೋದೆವು. ಡಾಕ್ಟರು ಕಾಗದದಿಂದ ತಲೆ ಎತ್ತದೆ, “ಬರ್ರಿ ಬರ್ರಿ, ಆರಾಮ ಏನ್ರೀ ಅಕ್ಕೋರ?” ಎಂದರು.

ಅವ್ವ ಬಾಯಿ ತೆರೆದಳು, ಮುಚ್ಚಿದಳು. ಕೋಲನ್ನು ಕುರ್ಚಿಗೆ ಒರಗಿಸಿದಳು.

“ಇಲ್ರೀ,” ಎಂದಳು. “ಭಾಳ ನೋವದ.”

“ಛಲೋ ಆತ್ರೀ,” ಎಂದು ಡಾಕ್ಟರು ಬರೆದುಕೊಳ್ಳತೊಡಗಿದರು.

ನನ್ನ ನೆತ್ತಿಗೆ ರಕ್ತ ಏರಿತು. ಟೇಬಲ್ಲು ಗುದ್ದಬೇಕೆಂದು ಕೈ ಎತ್ತಿದ್ದೆ. ಅಷ್ಟರಲ್ಲಿ ಅವ್ವ ಮುಂದೆ ಬಾಗಿ, ಆ ಕಾಗದದ ಮೇಲೆ ತನ್ನ ಅಂಗೈಯನ್ನು ಅಗಲವಾಗಿ ಊರಿದಳು.

“ಪೆನ್ನು ಕೆಳಗ ಇಡ್ರಿ,” ಎಂದಳು. ಮೂರನೆಯ ತರಗತಿಯನ್ನು ಸುಮ್ಮನಾಗಿಸುವ ದನಿ ಅದು. “ಇನ್ನೊಮ್ಮೆ ಕೇಳ್ರಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಅವಳ ಮುಖ ನೋಡಿ ಇನ್ನೊಮ್ಮೆ ಕೇಳಿದರು. ಅವ್ವ ಆಪರೇಷನ್ ಆದ ಮೊದಲ ರಾತ್ರಿಯಿಂದ ಶುರು ಮಾಡಿದಳು. ನಾನು ಕುರ್ಚಿ ಎಳೆದುಕೊಂಡು ಕೂತೆ, ಅದರಲ್ಲಿ ನನಗೆ ಗೊತ್ತಿದ್ದದ್ದು ಏನೂ ಇರಲಿಲ್ಲ.